ಮೊಟ್ಟೆಯನ್ನೂ ತಿನ್ನದ ಮನೆಯ ಹುಡುಗಿಗೆ ಮಿದುಳಿನಲ್ಲಿ ಹುಳ: ಒಂದು ಪ್ರಕರಣ

ಹೋದ ವರ್ಷದ ಜುಲೈ. ಉಡುಪಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಒಂದು ರಿಕ್ಷಾ ಬಂದು ನಿಂತಿತ್ತು. ಅಮ್ಮನ ಮಡಿಲಲ್ಲಿ ಏಳು ವರ್ಷದ ಹುಡುಗಿ, ಶಾಲೆಯ ಯೂನಿಫಾರ್ಮಿನಲ್ಲೇ ಇದ್ದಳು. ಒಂದು ಜಡೆ ಹಾಕಿ ಆಗಿತ್ತು, ಇನ್ನೊಂದು ಕಡೆ ಕೂದಲು ಬಿಚ್ಚಿಕೊಂಡೇ ಇತ್ತು. ಅವಳ ಮುಷ್ಟಿಯೊಳಗೆ ಒಂದು ಕಬ್ಬಿಣದ ಬೀಗದ ಕೀ.

ಕೀ ಕೊಟ್ಟದ್ದು ಪಕ್ಕದ ಮನೆಯವರು. ಫಿಟ್ಸ್ ಬಂದಾಗ ಕಬ್ಬಿಣ ಹಿಡಿಸಬೇಕು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಹಲ್ಲಿನ ಮಧ್ಯೆ ಚಮಚ ತುರುಕಲೂ ಯಾರೋ ನೋಡಿದ್ದರು. ತುಟಿಯ ಒಳಗೆ ಸಣ್ಣ ಗಾಯ ಆಗಿತ್ತು. ಪುಣ್ಯಕ್ಕೆ ಹಲ್ಲು ಹೋಗಿರಲಿಲ್ಲ.

ಈ ಹುಡುಗಿಯ ಕತೆಯನ್ನು ಬರೆಯುವುದಕ್ಕೆ ಅವಳ ಅಪ್ಪ ಅಮ್ಮ ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆಯ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ. ಕಾಯಿಲೆಗಿಂತ ಹೆಚ್ಚಾಗಿ, ಆ ಕಾಯಿಲೆಯ ಬಗ್ಗೆ ನಾನು ಆಡಿದ ಒಂದು ಮಾತಿನಿಂದ ಆದದ್ದನ್ನೂ ಹೇಳಬೇಕಾಗಿದೆ.

ಅಜ್ಜಿ ನೋಡಿದ್ದು

ಫಿಟ್ಸ್ ಬಂದ ಮಗುವನ್ನು ಡಾಕ್ಟರು ನೋಡುವ ಹೊತ್ತಿಗೆ ಫಿಟ್ಸ್ ಮುಗಿದಿರುತ್ತದೆ. ನಮಗೆ ಸಿಗುವುದು ನೋಡಿದವರ ಮಾತು ಮಾತ್ರ. ಅಮ್ಮ ಗಾಬರಿಯಲ್ಲಿದ್ದರು. "ಇಡೀ ಮೈ ನಡುಗಿತು ಡಾಕ್ಟ್ರೇ" ಎಂದಷ್ಟೇ ಹೇಳಿದರು. ಅಜ್ಜಿಯನ್ನು ಕೇಳಿದೆ. ಜಡೆ ಹಾಕುತ್ತಿದ್ದವರು ಅವರೇ ಅಲ್ವಾ?

"ಮೊದಲು ಬಲಗೈಯ ಬೆರಳು ಕುಣಿಯಿತು. ಆಟ ಆಡ್ತಾ ಇದ್ದಾಳೆ ಅಂತ ನಾನು ಬೈದೆ. ಮತ್ತೆ ಬಾಯಿ ಬಲಗಡೆಗೆ ಎಳೆಯಿತು. ಅಜ್ಜಿ ಅಂತ ಕರೀಲಿಕ್ಕೆ ನೋಡಿದಳು, ಸ್ವರ ಬರಲಿಲ್ಲ. ಆಮೇಲೆ ಮೈಯೆಲ್ಲ" ಎಂದರು. ಬೈದದ್ದಕ್ಕೆ ಅವರ ಕಣ್ಣಲ್ಲಿ ನೀರು.

ಅಜ್ಜಿಯ ಈ ನಾಲ್ಕು ವಾಕ್ಯ ಅರ್ಧ ರೋಗ ಪತ್ತೆ ಮಾಡಿಕೊಟ್ಟವು. ಒಂದು ಕೈಯಿಂದ ಶುರುವಾಗುವ ಫಿಟ್ಸ್ ಮಿದುಳಿನ ಒಂದು ಜಾಗದಿಂದ ಹೊರಡುತ್ತದೆ. ಬಲಗೈ ಎಂದರೆ ಮಿದುಳಿನ ಎಡಭಾಗ. ಫಿಟ್ಸ್ ನಾಲ್ಕು ನಿಮಿಷ ಇತ್ತಂತೆ. ನಾನು ನೋಡುವಾಗಲೂ ಅವಳ ಬಲಗೈ ಸ್ವಲ್ಪ ಸೋತ ಹಾಗೆ ಇತ್ತು. ಪೆನ್ಸಿಲ್ ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅದು ಸರಿಯಾಯಿತು. ಫಿಟ್ಸ್ ಆದ ಮೇಲೆ ಕೈ ಕೆಲವು ಗಂಟೆ ಹೀಗೆ ಸೋಲುವುದುಂಟು.

ಜ್ವರ ಇರಲಿಲ್ಲ. ಜ್ವರದ ಫಿಟ್ಸ್ ಬರುವ ವಯಸ್ಸೂ ದಾಟಿತ್ತು. ತಲೆಗೆ ಪೆಟ್ಟು ಬಿದ್ದಿರಲಿಲ್ಲ. ಹುಟ್ಟು, ಬೆಳವಣಿಗೆ, ಓದು ಎಲ್ಲ ಸರಿ ಇತ್ತು. ತೂಕ 20 ಕೆಜಿ. ಸ್ಕ್ಯಾನ್ ಮಾಡಿಸಲು ಹೇಳಿದೆ.

ಟಿಬಿಯಾ, ಹುಳವಾ?

ಅವರು ಸ್ಕ್ಯಾನ್ ಮಾಡಿಸಿ ನೇರ ನನ್ನ ಹತ್ತಿರ ಬರಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ಮಗುವಿನ ಮಿದುಳಲ್ಲಿ ಏನೋ ಇದೆ ಎಂದರೆ ಯಾರಾದರೂ ಇನ್ನೊಬ್ಬರ ಹತ್ತಿರ ಕೇಳುತ್ತಾರೆ. ಬೇರೆ ಕಡೆ ತೋರಿಸಿದಾಗ "ಟಿಬಿ ಗಡ್ಡೆ ಇರಬಹುದು, ವರ್ಷಗಟ್ಟಲೆ ಮಾತ್ರೆ ಬೇಕಾದೀತು" ಎಂಬ ಉತ್ತರ ಸಿಕ್ಕಿತ್ತು. ಮನೆಯಲ್ಲಿ ಎರಡು ರಾತ್ರಿ ಯಾರೂ ನಿದ್ದೆ ಮಾಡಿರಲಿಲ್ಲ. ಬಲಿಮೆಯನ್ನೂ, ಅಂದರೆ ದೈವದ ಪ್ರಶ್ನೆಯನ್ನೂ, ನೋಡಿಸಿದ್ದರು. ಅದನ್ನು ನನಗೆ ಹೇಳುವಾಗ ಅಪ್ಪ ತಲೆ ತಗ್ಗಿಸಿದರು. ನಾನು ಬೇಡ ಅನ್ನಲಿಲ್ಲ. ದೈವದ ಹತ್ತಿರ ಕೇಳಿಕೊಳ್ಳಿ, ಔಷಧಿ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದೆ.

ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ಮೇಲ್ಪದರದಲ್ಲಿ ಒಂದು ಸಣ್ಣ ಬಳೆಯಂಥ ಗುರುತು. ಅಗಲ 9 ಮಿಲಿಮೀಟರ್. ಸುತ್ತ ಬಾವು. ಬಳೆಯ ಒಳಗೆ, ನಡುವಿನಲ್ಲಿ ಅಲ್ಲ, ಒಂದು ಬದಿಗೆ ಅಂಟಿಕೊಂಡು ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಕಂಡಾಗ ನನಗೆ ಅರ್ಧ ಸಮಾಧಾನ ಆಯಿತು. ಅದು ಹುಳದ ತಲೆ.

ಹುಳ ಎಂದು ಗೊತ್ತಾದರೆ ಸಮಾಧಾನವೇ ಎಂದು ನೀವು ಕೇಳಬಹುದು. ಹೌದು. ಏಳು ವರ್ಷದ ಮಗುವಿನ ಮಿದುಳಿನಲ್ಲಿ ಗಡ್ಡೆ ಕಂಡಾಗ ಡಾಕ್ಟರ ಮನಸ್ಸಿಗೆ ಬರುವ ಬೇರೆ ಹೆಸರುಗಳು ಇದಕ್ಕಿಂತ ತುಂಬಾ ಕೆಟ್ಟವು.

ಟಿಬಿ ಎಂದವರನ್ನು ನಾನು ದೂರುವುದಿಲ್ಲ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ. 1980ರ ದಶಕದಲ್ಲಿ ಸಿಟಿ ಸ್ಕ್ಯಾನ್ ಬಂದಾಗ ಫಿಟ್ಸ್ ಬಂದ ಎಷ್ಟೋ ಭಾರತೀಯರ ಮಿದುಳಲ್ಲಿ ಇಂಥ ಒಂಟಿ ಸಣ್ಣ ಬಳೆ ಕಂಡಿತು. ಆಗ ಬಹಳ ಜನರಿಗೆ ಟಿಬಿ ಔಷಧಿ ಕೊಟ್ಟರು. ವಿಚಿತ್ರ ಎಂದರೆ ಔಷಧಿ ಕೊಡದವರಲ್ಲೂ ಆ ಗುರುತು ತಾನಾಗಿ ಮಾಯವಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರಚಿಕಿತ್ಸಕರಾದ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ಜೊತೆಗಾರರು ಇಂಥ ಕೆಲವು ಗಂಟುಗಳನ್ನು ಆಪರೇಷನ್ ಮಾಡಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಚ್ಚಿನವು ಟಿಬಿ ಆಗಿರಲಿಲ್ಲ. ಸಾಯುತ್ತಿರುವ ಲಾಡಿಹುಳದ ಮರಿಗಳಾಗಿದ್ದವು. ಅವರು ಹಾಕಿಕೊಟ್ಟ ಲೆಕ್ಕ ಈಗಲೂ ನಮ್ಮ ಕೈ ಹಿಡಿಯುತ್ತದೆ. ಗಂಟು 20 ಮಿಲಿಮೀಟರಿಗಿಂತ ಸಣ್ಣದಿರಬೇಕು. ಮಿದುಳಿನ ಒತ್ತಡ ಏರಿರಬಾರದು. ಕೈಕಾಲಿನ ಸೋಲು ದಿನದಿಂದ ದಿನಕ್ಕೆ ಹೆಚ್ಚುತ್ತಿರಬಾರದು. ಮೈಯಲ್ಲಿ ಬೇರೆ ಕಡೆ ರೋಗ ಇರಬಾರದು. ಹೀಗಿದ್ದರೆ ತಲೆ ಕೊರೆಯುವ ಅಗತ್ಯ ಇಲ್ಲ.

ನಮ್ಮ ಹುಡುಗಿಗೆ ಇವೆಲ್ಲ ಸರಿಹೊಂದುತ್ತಿತ್ತು. ಆದರೂ ಎದೆಯ ಎಕ್ಸ್‌ರೇ ಮಾಡಿಸಿದೆವು, ಚರ್ಮದ ಟಿಬಿ ಪರೀಕ್ಷೆ ಮಾಡಿದೆವು, ಮನೆಯಲ್ಲಿ ಯಾರಿಗಾದರೂ ಕೆಮ್ಮು ಉಂಟಾ ಎಂದು ವಿಚಾರಿಸಿದೆವು. ಏನೂ ಸಿಗಲಿಲ್ಲ. ಎಂಆರ್‌ಐ ಕೂಡ ಅದೇ ಚುಕ್ಕೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು. ಒಂಟಿ ಗಂಟು ಇರುವವರಲ್ಲಿ ರಕ್ತ ಪರೀಕ್ಷೆ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಹಾಗಾಗಿ ಅದಕ್ಕೆ ದುಡ್ಡು ಹಾಕಿಸಲಿಲ್ಲ.

ರೋಗದ ಹೆಸರು ನ್ಯೂರೋಸಿಸ್ಟಿಸರ್ಕೋಸಿಸ್. ಹುಳದ ಹೆಸರು ಟೀನಿಯಾ ಸೋಲಿಯಮ್, ಅಂದರೆ ಹಂದಿಯ ಲಾಡಿಹುಳು.

"ಹಂದಿಯ ಹುಳ ಎಲ್ಲಿಂದ ಬರುದು?"

ಹೆಸರು ಹೇಳಿದ ಕೂಡಲೇ ಕೋಣೆಯಲ್ಲಿ ಮೌನ. ಅಜ್ಜಿ ಎದ್ದು ನಿಂತರು.

"ನಾವು ಮೊಟ್ಟೆ ಸಹ ಮನೆಯೊಳಗೆ ತರುದಿಲ್ಲ ಡಾಕ್ಟ್ರೇ. ನಮ್ಮ ಮಗುವಿಗೆ ಹಂದಿಯ ಹುಳ ಎಲ್ಲಿಂದ ಬರುದು?"

ಅಮ್ಮ ಮೆಲ್ಲ ಕೇಳಿದರು: "ಹಿಂದಿನ ಮನೆಯವರು ಕ್ರಿಶ್ಚಿಯನ್ನರು. ಇವಳು ಅಲ್ಲಿಗೆ ಆಡ್ಲಿಕ್ಕೆ ಹೋಗ್ತಾಳೆ. ಅಲ್ಲಿ ಏನಾದರೂ ತಿಂದಳಾ?"

ಅಪ್ಪ ಹೇಳಿದರು: "ಎಲೆಕೋಸಲ್ಲಿ ಹುಳ ಇರ್ತದೆ ಅಂತ ವಾಟ್ಸಾಪಲ್ಲಿ ಬಂದಿತ್ತು."

ಈ ಮೂರು ಪ್ರಶ್ನೆಗಳು ನನಗೆ ಪ್ರತಿ ಸಲ ಎದುರಾಗುತ್ತವೆ. ಮೂರಕ್ಕೂ ಉತ್ತರ ಒಂದೇ ಕಡೆ ಇದೆ, ಆ ಹುಳದ ಬದುಕಿನಲ್ಲಿ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ.

ಈ ಹುಳಕ್ಕೆ ಎರಡು ರೂಪ. ಒಂದು, ಮನುಷ್ಯನ ಕರುಳಿನಲ್ಲಿ ಬದುಕುವ ದೊಡ್ಡ ಹುಳ. 2ರಿಂದ 7 ಮೀಟರ್ ಉದ್ದ, ಲಾಡಿಯ ಹಾಗೆ ಚಪ್ಪಟೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಅದರ ಬಾಲದ ಕಡೆಯ ತುಂಡುಗಳು ಮಲದಲ್ಲಿ ಕಳಚಿ ಹೋಗುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣವು.

ಎರಡನೆಯದು, ಮರಿ. ಬಯಲಿನ ಮಲವನ್ನು ಹಂದಿ ತಿಂದರೆ ಮೊಟ್ಟೆ ಅದರ ಹೊಟ್ಟೆಯಲ್ಲಿ ಒಡೆಯುತ್ತದೆ. ಮರಿ ಕರುಳನ್ನು ತೂರಿ ರಕ್ತದಲ್ಲಿ ಹೋಗಿ ಮಾಂಸದಲ್ಲಿ ನೀರುಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದ ಮನುಷ್ಯನ ಕರುಳಿನಲ್ಲಿ ಗುಳ್ಳೆ ದೊಡ್ಡ ಹುಳವಾಗುತ್ತದೆ. ಅಲ್ಲಿಗೆ ಚಕ್ರ ಪೂರ್ತಿ.

ಈಗ ಮುಖ್ಯವಾದ ಮಾತು. ಹಂದಿ ಮಾಂಸ ತಿಂದರೆ ಬರುವುದು ಹೊಟ್ಟೆಯ ಹುಳ. ಮಿದುಳಿನ ಗುಳ್ಳೆ ಬರುವುದು ಹುಳದ ಮೊಟ್ಟೆ ನುಂಗಿದರೆ. ಮೊಟ್ಟೆ ಇರುವುದು ಹಂದಿಯ ಮಾಂಸದಲ್ಲಿ ಅಲ್ಲ, ಮನುಷ್ಯನ ಮಲದಲ್ಲಿ. ಹೊಟ್ಟೆಯಲ್ಲಿ ಹುಳ ಇರುವ ಒಬ್ಬರು ಶೌಚಕ್ಕೆ ಹೋಗಿ ಸರಿಯಾಗಿ ಕೈ ತೊಳೆಯದೆ ಅಡುಗೆ ಮಾಡಿದರೆ, ಬಡಿಸಿದರೆ, ಮಗುವಿಗೆ ತುತ್ತು ಕೊಟ್ಟರೆ, ಮೊಟ್ಟೆ ಮಗುವಿನ ಹೊಟ್ಟೆಗೆ ಹೋಗುತ್ತದೆ. ಮನುಷ್ಯನ ಹೊಟ್ಟೆಯಲ್ಲೂ ಅದು ಹಂದಿಯ ಹೊಟ್ಟೆಯಲ್ಲಿ ಮಾಡುವ ಕೆಲಸವನ್ನೇ ಮಾಡುತ್ತದೆ. ರಕ್ತದಲ್ಲಿ ಹೊರಟು ಮಾಂಸಖಂಡ, ಕಣ್ಣು, ಮಿದುಳು ಎಲ್ಲೆಂದರಲ್ಲಿ ಕೂರುತ್ತದೆ. ಮಡಿ ಮಾಡುವವರು, ಮಾಡದವರು ಎಂಬ ಭೇದ ಅದಕ್ಕಿಲ್ಲ.

ಹಾಗಾಗಿ ಹಿಂದಿನ ಮನೆಯ ಅಡುಗೆಯ ಮೇಲೆ ಸಂಶಯ ಬೇಡ ಎಂದೆ. ನಮ್ಮ ಕರಾವಳಿಯ ಪೋರ್ಕ್ ಬಫಾತ್ ಒಲೆಯ ಮೇಲೆ ಗಂಟೆಗಟ್ಟಲೆ ಬೇಯುವ ಪದಾರ್ಥ. ಅಷ್ಟು ಬೆಂದರೆ ಗುಳ್ಳೆ ಇದ್ದರೂ ಸಾಯುತ್ತದೆ. ಎಲೆಕೋಸಿನಲ್ಲಿ ಕಾಣುವ ಹಸಿರು ಹುಳವೂ ಚಿಟ್ಟೆಯ ಜಾತಿಯ ಕಂಬಳಿಹುಳದಂಥದ್ದು, ಮಿದುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೊಳಚೆ ನೀರು ಹಾಯಿಸಿ ಬೆಳೆಸಿದ ಯಾವ ತರಕಾರಿಯ ಮೇಲೂ ಮೊಟ್ಟೆ ಅಂಟಿರಬಹುದು. ಹಸಿಯಾಗಿ ತಿನ್ನುವ ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ಸೊಪ್ಪನ್ನು ಉಜ್ಜಿ ತೊಳೆಯಬೇಕು. ಕೋಸಿನ ಪಲ್ಯ ಬಿಡಬೇಕಾಗಿಲ್ಲ.

ನಾನು ಹೇಳಿದ ಒಂದು ಕತೆ

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಅಜ್ಜಿಯ ಮುಖದಲ್ಲಿ ಇನ್ನೂ ನಂಬಿಕೆ ಬಂದಿರಲಿಲ್ಲ. ಅವರಿಗೆ ಮನವರಿಕೆ ಆಗಲಿ ಎಂದು ಒಂದು ಉದಾಹರಣೆ ಹೇಳಿದೆ. ನ್ಯೂಯಾರ್ಕ್ ನಗರದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ಕೆಲವರಿಗೆ ಇದೇ ರೋಗ ಬಂದದ್ದು 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಅವರು ಧರ್ಮದ ಕಾರಣಕ್ಕೆ ಹಂದಿಯನ್ನು ಮುಟ್ಟದವರು. ಹುಡುಕಿದಾಗ, ಮನೆಕೆಲಸಕ್ಕೆ ಬರುತ್ತಿದ್ದ, ಈ ಹುಳ ಜಾಸ್ತಿ ಇರುವ ದೇಶಗಳಿಂದ ಬಂದವರ ಮೂಲಕ ಸೋಂಕು ಬಂದಿರುವ ಸಾಧ್ಯತೆ ಕಂಡಿತು.

ಅಜ್ಜಿ ತಲೆ ಅಲ್ಲಾಡಿಸಿದರು. ಅರ್ಥವಾಯಿತು ಎಂದು ನಾನು ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಸೆರಗು ಒದ್ದೆ. ಕೈಯಲ್ಲಿ ಮಡಚಿದ ಕೊಡೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ನನ್ನ ಕೈ ಹೊಲಸ ಅಂತ ನೀವ ಹೇಳೀರಂತಲ್ರೀ, ಖರೇ ಏನ್ರಿ?"

ಆ ಮನೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಅಡುಗೆಗೆ ತರಕಾರಿ ಹೆಚ್ಚಿಕೊಡುತ್ತಿದ್ದವರು ಅವರು. ಉತ್ತರ ಕರ್ನಾಟಕದ ಕಡೆಯಿಂದ ಗಂಡನ ಗಾರೆ ಕೆಲಸಕ್ಕಾಗಿ ಇಲ್ಲಿಗೆ ಬಂದಿದ್ದರು. ನನ್ನ ಕತೆ ಕೇಳಿದ ಮರುದಿನವೇ ಅವರನ್ನು ಕೆಲಸದಿಂದ ಬಿಡಿಸಿದ್ದರು. ಅಕ್ಕಪಕ್ಕದ ಇನ್ನೆರಡು ಮನೆಗೂ ಮಾತು ಹೋಗಿತ್ತು. ಅಲ್ಲೂ ಬರಬೇಡ ಎಂದಿದ್ದರು.

ನನಗೆ ಮಾತು ಹೊರಡಲಿಲ್ಲ. ಕೂರಿಸಿದೆ. ನಾನು ನಿಮ್ಮ ಹೆಸರು ಹೇಳಿಲ್ಲ, ಆದರೆ ಹಾಗೆ ಅರ್ಥವಾಗುವಂತೆ ಮಾತಾಡಿದ್ದೇನೆ, ತಪ್ಪು ನನ್ನದು ಎಂದೆ. ಅವರು ಅಳಲಿಲ್ಲ. "ಆ ಕೂಸಿಗೆ ಈಗ ಆರಾಮ ಐತೇನ್ರಿ?" ಎಂದು ಕೇಳಿದರು.

ಆ ರಾತ್ರಿ ನಾನು ಯೋಚಿಸಿದ್ದು ಒಂದೇ ವಿಷಯ. ರೋಗದ ದಾರಿ ತೋರಿಸುವಾಗ ನಾವು ಒಬ್ಬ ಮನುಷ್ಯನ ಕಡೆ ಬೆರಳು ತೋರಿಸಿದ ಹಾಗೆ ಆಗುತ್ತದೆ. ಹುಳದ ಮೊಟ್ಟೆ ಯಾರ ಕೈಯಿಂದಲೂ ಬರಬಹುದು. ಹೋಟೆಲಿನ ಅಡುಗೆಯವರು, ಮದುವೆ ಊಟ ಬಡಿಸಿದವರು, ಬೀದಿಬದಿಯಲ್ಲಿ ಹಣ್ಣು ಹೆಚ್ಚಿಕೊಟ್ಟವರು, ನೆಂಟರು, ಶಾಲೆಯಲ್ಲಿ ತಿಂಡಿ ಹಂಚಿಕೊಂಡ ಮಕ್ಕಳು. ಹೀಗಿದ್ದೂ ಮನೆಯವರ ಕಣ್ಣು ಮೊದಲು ಹೋಗುವುದು ಮನೆಯಲ್ಲಿರುವ ಅತಿ ಬಡವರ ಮೇಲೆ.

ಲೆಕ್ಕ ಹಾಕಿ ನೋಡಿದ್ದು

ಮರುದಿನ ಮನೆಯವರನ್ನು ಕರೆಸಿದೆ. ಎರಡು ಪ್ರಶ್ನೆ ಕೇಳಿದೆ. ಅವರು ನಿಮ್ಮಲ್ಲಿ ಕೆಲಸಕ್ಕೆ ಸೇರಿ ಎಷ್ಟು ದಿನ ಆಯಿತು? ಎಂಟು ತಿಂಗಳು. ಅದಕ್ಕೆ ಮೊದಲು ನೀವು ಎಲ್ಲಿದ್ದಿರಿ? ಹುಡುಗಿಗೆ ನಾಲ್ಕು ವರ್ಷ ಆಗುವವರೆಗೆ ಘಟ್ಟದ ಮೇಲಿನ ಒಂದು ಪೇಟೆಯಲ್ಲಿ, ಅಪ್ಪನ ಕೆಲಸದ ಮೇಲೆ. ಅಲ್ಲಿ ಬಾಲವಾಡಿ, ಬಾಡಿಗೆ ಮನೆ, ಆಗಾಗ ಹೋಟೆಲ್ ಊಟ. ಉಡುಪಿಗೆ ಬಂದು ಮೂರು ವರ್ಷ.

ಈಗ ಹುಳದ ಲೆಕ್ಕ ನೋಡೋಣ. ನುಂಗಿದ ಮೊಟ್ಟೆ ಮಿದುಳಿನಲ್ಲಿ ಪೂರ್ತಿ ಗುಳ್ಳೆಯಾಗಲು ಎರಡು ಮೂರು ತಿಂಗಳು ಬೇಕು. ಆಮೇಲೆ ಅದು ಸುಮ್ನೆ ಕೂರುತ್ತದೆ. ಮೈಯ ಕಾವಲುಪಡೆಗೆ ಸುಳಿವು ಕೊಡದೆ ಅಡಗಿರುವ ಉಪಾಯ ಅದಕ್ಕೆ ಗೊತ್ತು. ಫಿಟ್ಸ್ ಬರುವುದು ಹುಳ ಜೋರಾಗಿದ್ದಾಗ ಅಲ್ಲ, ಅದು ಸಾಯಲು ಶುರುವಾದಾಗ. ಆಗ ಮರೆ ಕಳಚುತ್ತದೆ, ಮೈ ಅದರ ಮೇಲೆ ಬೀಳುತ್ತದೆ, ಸುತ್ತ ಬಾವು ಬರುತ್ತದೆ. ಆ ಬಾವು ಮಿದುಳನ್ನು ಕೆರಳಿಸುತ್ತದೆ. ನಾವು ಸ್ಕ್ಯಾನಿನಲ್ಲಿ ಕಂಡ ಬಳೆ ಆ ಹೋರಾಟದ ಗುರುತು.

ಮೊಟ್ಟೆ ನುಂಗಿದ ದಿನಕ್ಕೂ ಮೊದಲ ಫಿಟ್ಸಿಗೂ ನಡುವೆ ಎಷ್ಟು ಅಂತರ ಇರುತ್ತದೆ ಎಂಬುದು ಗೊತ್ತಾದದ್ದು ನಮ್ಮ ದೇಶದಲ್ಲಿ ಕೆಲಸ ಮಾಡಿ ಹೋದ ಬ್ರಿಟಿಷ್ ಸೈನಿಕರಿಂದ. ಊರಿಗೆ ಮರಳಿದ ಮೇಲೆ ಅವರಲ್ಲಿ ಹಲವರಿಗೆ ಫಿಟ್ಸ್ ಬಂತು. ಅವರು ಭಾರತದಲ್ಲಿ ಇದ್ದ ಕಾಲ ದಾಖಲೆಯಲ್ಲಿತ್ತು, ಹಾಗಾಗಿ ಲೆಕ್ಕ ಸಿಕ್ಕಿತು. ಡಿಕ್ಸನ್ ಮತ್ತು ಲಿಪ್ಸ್‌ಕೋಂಬ್ ಎಂಬ ವೈದ್ಯರು 1961ರಲ್ಲಿ ಇಂಥ 450 ರೋಗಿಗಳ ವಿವರ ಒಟ್ಟುಗೂಡಿಸಿ ಪ್ರಕಟಿಸಿದರು. ಹೆಚ್ಚಿನವರಿಗೆ ಫಿಟ್ಸ್ ಬಂದದ್ದು ಸೋಂಕಿನ ಕೆಲವು ವರ್ಷಗಳ ಮೇಲೆ. ಕೆಲವರಿಗೆ ತಿಂಗಳುಗಳಲ್ಲೇ ಬರುವುದೂ ಉಂಟು. ಸಾಮಾನ್ಯ ಲೆಕ್ಕ ಮಾತ್ರ ವರ್ಷಗಳದ್ದು.

ಎಂಟು ತಿಂಗಳ ಹಿಂದೆ ಬಂದವರ ಮೇಲೆ ಹೊರೆ ಹೊರಿಸಲು ಈ ಲೆಕ್ಕ ಬಿಡುವುದಿಲ್ಲ. ಘಟ್ಟದ ಮೇಲಿನ ಊರಿನ ಮೇಲೆ ಹಾಕಲೂ ಆಗುವುದಿಲ್ಲ. ಅಲ್ಲಿ ಆಗಿರಬಹುದು, ಇಲ್ಲೇ ಆಗಿರಬಹುದು.

ಅಪ್ಪ ಮೊದಲು ಅರ್ಥ ಮಾಡಿಕೊಂಡರು. ಅಜ್ಜಿ ಏನೂ ಹೇಳಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು.

ಮಲ ಪರೀಕ್ಷೆ ಮಾಡಿಸೋಣ, ಮನೆಯ ಎಲ್ಲರದ್ದೂ ಎಂದೆ. ಅಪ್ಪ, ಅಮ್ಮ, ಅಜ್ಜಿ, ತಮ್ಮ, ಕೆಲಸದವರು, ಯಾರನ್ನೂ ಬಿಡದೆ. ಬೇರೆ ಬೇರೆ ದಿನ ಮೂರು ಸಲ. ಒಂದು ಸಲದ ಪರೀಕ್ಷೆಯಲ್ಲಿ ಮೊಟ್ಟೆ ತಪ್ಪಿಸಿಕೊಳ್ಳುವುದೇ ಜಾಸ್ತಿ. ಜೊತೆಗೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ: ಮಲದಲ್ಲಿ ಬಿಳಿ, ಚಪ್ಪಟೆ ಲಾಡಿಯ ತುಂಡಿನಂಥದ್ದು ಯಾವತ್ತಾದರೂ ಕಂಡಿದೆಯಾ? ನಾಚಿಕೆಯಿಂದ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೇಳಿದರೆ ಹೇಳುತ್ತಾರೆ. ಯಾರಲ್ಲಾದರೂ ಹುಳ ಸಿಕ್ಕಿದ್ದರೆ ಔಷಧಿ ಸುಲಭ, ಹೆಚ್ಚಾಗಿ ನಿಕ್ಲೋಸಮೈಡ್ ಒಂದೇ ಸಲ ಸಾಕು. ಸಿಕ್ಕವರು ಅಪರಾಧಿಗಳಲ್ಲ, ರೋಗಿಗಳು. ಮೊಟ್ಟೆಗೆ ಎಲ್ಲರಿಗಿಂತ ಹತ್ತಿರ ಇರುವುದರಿಂದ ಅವರ ಮಿದುಳಿಗೇ ಅಪಾಯ ಹೆಚ್ಚು.

ಎಲ್ಲರ ವರದಿಯೂ ಬಂತು. ಯಾರಲ್ಲೂ ಹುಳ ಇರಲಿಲ್ಲ. ಮೂಲ ಸಿಗಲಿಲ್ಲ. ಹೆಚ್ಚಿನ ಮಕ್ಕಳಲ್ಲಿ ಹೀಗೇ ಆಗುತ್ತದೆ. ಹೊತ್ತವರು ಯಾವತ್ತೋ ನಮ್ಮ ದಾರಿಯಲ್ಲಿ ಬಂದು ಹೋಗಿರುತ್ತಾರೆ.

ವರದಿ ಬಂದ ದಿನ ಅಜ್ಜಿ ತಾವೇ ರಿಕ್ಷಾ ಮಾಡಿಕೊಂಡು ಆ ಹೆಂಗಸಿನ ಬಾಡಿಗೆ ಕೋಣೆಗೆ ಹೋದರು. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ. ಅವರು ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಉಳಿದ ಎರಡು ಮನೆಗಳಲ್ಲಿ ಒಂದು ಮನೆ ಇನ್ನೂ ಕರೆದಿಲ್ಲ.

ಔಷಧಿ

ಫಿಟ್ಸ್ ತಡೆಯಲು ಲೆವಿಟಿರಾಸಿಟಮ್ ಸಿರಪ್ ಮೊದಲ ದಿನವೇ ಶುರು ಮಾಡಿದ್ದೆವು. ಹುಳದ ಔಷಧಿಗೆ ಆತುರ ಮಾಡಲಿಲ್ಲ. ಫಿಟ್ಸ್ ನಿಲ್ಲಿಸುವುದು ತುರ್ತು, ಹುಳ ಕೊಲ್ಲುವುದು ತುರ್ತಲ್ಲ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆವು. ಕಣ್ಣಿನೊಳಗೆ ಗುಳ್ಳೆ ಇದ್ದರೆ, ಔಷಧಿಯಿಂದ ಅದು ಸಾಯುವಾಗ ಬರುವ ಬಾವು ದೃಷ್ಟಿಗೇ ಕುತ್ತು. ಕಣ್ಣು ಸರಿ ಇತ್ತು.

ಅಷ್ಟರಲ್ಲಿ ನೆಂಟರೊಬ್ಬರು "ಮೆಡಿಕಲ್ಲಿಂದ ಹುಳದ ಮಾತ್ರೆ ತಂದು ಕೊಟ್ಟುಬಿಡಿ, ಅದೇ ಅಲ್ವಾ ಔಷಧಿ" ಎಂದಿದ್ದರಂತೆ. ಮಾತ್ರೆ ಅದೇ, ಅಲ್ಬೆಂಡಝೋಲ್. ಆದರೆ ಮಿದುಳಿನ ತುಂಬ ಗುಳ್ಳೆ ಇರುವವರಿಗೆ ಅದನ್ನು ಹಾಗೆ ಕೊಟ್ಟರೆ ಎಲ್ಲವೂ ಒಟ್ಟಿಗೆ ಸತ್ತು ಮಿದುಳು ಊದಿ ಪ್ರಾಣಕ್ಕೇ ಬರಬಹುದು. ಸ್ಕ್ಯಾನ್ ನೋಡದೆ ಈ ಕೆಲಸಕ್ಕೆ ಕೈ ಹಾಕಬಾರದು. ಅಮ್ಮ ಕೊಡದೆ ಕೇಳಲು ಬಂದದ್ದಕ್ಕೆ ನನಗೆ ಎಷ್ಟು ನೆಮ್ಮದಿ ಆಯಿತೆಂದರೆ ಅವರ ಕೈ ಹಿಡಿದುಕೊಂಡೆ.

ಮೂರು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಚಿಕಿತ್ಸೆ ಶುರು ಮಾಡಿದೆವು. ಮೊದಲು ಬಾವು ಇಳಿಸಲು ಪ್ರೆಡ್ನಿಸೊಲೋನ್. ಮರುದಿನದಿಂದ ಅಲ್ಬೆಂಡಝೋಲ್, ದಿನಕ್ಕೆ ಕೆಜಿಗೆ 15 ಮಿಲಿಗ್ರಾಂ. ಅವಳ ತೂಕಕ್ಕೆ ದಿನಕ್ಕೆ 300 ಮಿಲಿಗ್ರಾಂ, ಎರಡು ಹೊತ್ತಿಗೆ ಹಂಚಿ, ಹತ್ತು ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ಇದು ಮೈಗೆ ಹತ್ತುವುದಿಲ್ಲ, ಕೊಬ್ಬಿನ ಜೊತೆ ಕೊಡಬೇಕು. ಅಜ್ಜಿ ಗಂಜಿಗೆ ಎರಡು ಚಮಚ ತುಪ್ಪ ಹಾಕಿ ಉಣಿಸಿದರು.

ಮೂರನೇ ದಿನ ತಲೆನೋವು ಬಂತು. ಹುಳ ಸಾಯುವಾಗ ಬಾವು ಸ್ವಲ್ಪ ಹೆಚ್ಚುತ್ತದೆ ಎಂದು ಮೊದಲೇ ಹೇಳಿದ್ದರಿಂದ ಮನೆಯವರು ಹೆದರಲಿಲ್ಲ. ಪ್ರೆಡ್ನಿಸೊಲೋನಿನಿಂದ ಹಸಿವು ಜಾಸ್ತಿಯಾಗಿ ಹುಡುಗಿ ದೋಸೆಯ ಮೇಲೆ ದೋಸೆ ಕೇಳುತ್ತಿದ್ದಳು, ಕೆನ್ನೆ ಉಬ್ಬಿತು, ಔಷಧಿ ನಿಂತ ಮೇಲೆ ಇಳಿಯಿತು. ಲೆವಿಟಿರಾಸಿಟಮ್ ಹಠವನ್ನು ಹೆಚ್ಚಿಸಿತ್ತು. ತಮ್ಮನಿಗೆ ಹೊಡೆಯುತ್ತಿದ್ದಳು. "ಮಗು ಕೆಟ್ಟದಾಗಿದೆ" ಎಂದು ಅಮ್ಮ ನೊಂದುಕೊಂಡಿದ್ದರು. ಅದು ಔಷಧಿಯ ಗುಣ, ಮಗುವಿನದ್ದಲ್ಲ ಎಂದೆ. ಕೆಲವು ವಾರಗಳಲ್ಲಿ ತಗ್ಗಿತು. ತಗ್ಗದಿದ್ದರೆ ಬೇರೆ ಔಷಧಿ ಕೊಡಬಹುದಿತ್ತು.

ಆಗಸ್ಟ್ 10ರಂದು ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನದ ಮಾತ್ರೆ. ಇವಳ ಕೋರ್ಸ್ ಆಗಷ್ಟೇ ಮುಗಿದಿತ್ತು, ಇವಳಿಗೆ ಬೇಡ ಎಂದು ಚೀಟಿ ಬರೆದುಕೊಟ್ಟೆ. ಹೆದರಿದ ಮನೆಯವರು ತಮ್ಮನಿಗೂ ಬೇಡ ಎಂದಿದ್ದರು. ಅವನಿಗೆ ಕೊಡಿ ಎಂದೆ. ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಆ 400 ಮಿಲಿಗ್ರಾಂ ಮಾತ್ರೆ ದುಂಡುಹುಳು, ಕೊಕ್ಕೆಹುಳುಗಳಿಗೆ. ಅದರಿಂದ ರಕ್ತಹೀನತೆ ತಪ್ಪುತ್ತದೆ. ಲಾಡಿಹುಳಕ್ಕೆ ಒಂದು ಮಾತ್ರೆಯನ್ನು ನಂಬಿಕೊಳ್ಳಲು ಆಗುವುದಿಲ್ಲ ಎಂಬುದೂ ನಿಜ.

ಶಾಲೆಯಿಂದ ಒಂದು ಪ್ರಶ್ನೆ ಬಂತು, ಇದು ಬೇರೆ ಮಕ್ಕಳಿಗೆ ಅಂಟುತ್ತದಾ ಎಂದು. ಖಂಡಿತ ಇಲ್ಲ. ಮಿದುಳಿನ ಗುಳ್ಳೆಯಿಂದ ಮೊಟ್ಟೆ ಹೊರಗೆ ಬರುವುದಿಲ್ಲ. ಜೊತೆಯಲ್ಲಿ ಕೂತು ತಿಂದರೂ, ಒಂದೇ ಬಾಟಲಿಯ ನೀರು ಕುಡಿದರೂ ಅವಳಿಂದ ಯಾರಿಗೂ ಬರುವುದಿಲ್ಲ. ಟೀಚರಿಗೆ ಇದನ್ನು ಕಾಗದದಲ್ಲಿ ಬರೆದುಕೊಟ್ಟೆ. ಫಿಟ್ಸ್ ಬಂದರೆ ಏನು ಮಾಡಬೇಕು ಎಂದೂ ಬರೆದೆ. ಒಂದು ಬದಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಸ್ಪ್ರೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಆಮೇಲೆ

ದೀಪಾವಳಿಗೆ ನೆಂಟರ ಮನೆಗೆ ಹೋದಾಗ ಸಿರಪ್ ಬಾಟಲಿ ಮರೆತರು. ಎರಡು ದಿನ ಔಷಧಿ ತಪ್ಪಿತು. ಮೂರನೇ ದಿನ ಬೆಳಿಗ್ಗೆ ಬಲಗೈ ಮತ್ತೆ ಕುಣಿಯಿತು. ಈ ಸಲ ಅಮ್ಮ ಅವಳನ್ನು ಬದಿಗೆ ಮಲಗಿಸಿದರು. ಕೀ ತರಲು ಓಡಿದವರನ್ನು ತಡೆದರು. ಮೊಬೈಲಿನಲ್ಲಿ ಸಮಯ ನೋಡಿದರು. ಒಂದು ನಿಮಿಷ ಹತ್ತು ಸೆಕೆಂಡ್. ಸ್ಪ್ರೇ ಬೇಕಾಗಲಿಲ್ಲ. ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು, ಆದರೂ ಒಂದೊಂದು ವಿವರವನ್ನೂ ಕ್ರಮವಾಗಿ ಹೇಳಿದರು.

ಜನವರಿಯ ಸ್ಕ್ಯಾನಿನಲ್ಲಿ ಬಳೆ ಇರಲಿಲ್ಲ, ಬಾವು ಇರಲಿಲ್ಲ. ಆ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಒಂದು ಸುಣ್ಣದ ಚುಕ್ಕೆ ಉಳಿದಿತ್ತು. ಹುಳ ಸತ್ತಿದೆ, ಕಲೆ ಉಳಿದಿದೆ. ಪೂರ್ತಿ ಮಾಯವಾಗಿದ್ದರೆ ಔಷಧಿಯನ್ನು ಬೇಗ ಇಳಿಸಬಹುದಿತ್ತು. ಚುಕ್ಕೆ ಉಳಿದವರಲ್ಲಿ, ನಡುವೆ ಫಿಟ್ಸ್ ಮರುಕಳಿಸಿದವರಲ್ಲಿ ಮತ್ತೆ ಬರುವ ಸಾಧ್ಯತೆ ಹೆಚ್ಚು. ಇವಳಿಗೆ ಎರಡೂ ಇದ್ದವು. ಹಾಗಾಗಿ ಎರಡು ವರ್ಷ ಔಷಧಿ ಎಂದು ತೀರ್ಮಾನಿಸಿದೆವು. ಅಪ್ಪನ ಮುಖ ಬಾಡಿತು. ಹುಳ ಸತ್ತ ಮೇಲೂ ಔಷಧಿ ಯಾಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಈಗ ಕೊಡುತ್ತಿರುವುದು ಹುಳಕ್ಕಲ್ಲ, ಅದು ಬಿಟ್ಟುಹೋದ ಕಲೆಗೆ ಎಂದು ಸ್ಕ್ಯಾನ್ ಹಿಡಿದು ತೋರಿಸಿದೆ.

ನನ್ನ ಮಾತಿನ ಕ್ರಮ ಈಗ ಬದಲಾಗಿದೆ. ನ್ಯೂಯಾರ್ಕಿನ ಕತೆಯನ್ನು ನಾನು ಮನೆಯವರಿಗೆ ಹೇಳುವುದಿಲ್ಲ. "ಹಂದಿಯ ಹುಳ" ಎಂದು ಶುರು ಮಾಡುವುದೂ ಇಲ್ಲ. "ಕೈಯಿಂದ ಬಾಯಿಗೆ ಬರುವ ಹುಳ" ಎನ್ನುತ್ತೇನೆ. ಪರೀಕ್ಷೆ ಎಂದರೆ ಮನೆಯ ಎಲ್ಲರಿಗೂ ಎಂದು ಮೊದಲ ದಿನವೇ ಹೇಳುತ್ತೇನೆ, ಅಪ್ಪನ ಹೆಸರನ್ನು ಚೀಟಿಯಲ್ಲಿ ಮೊದಲು ಬರೆಯುತ್ತೇನೆ. ಸಾಬೂನು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಉಜ್ಜಿ ಕಳಚಿ ನೀರಿನಲ್ಲಿ ಕೊಂಡೊಯ್ಯುತ್ತದೆ ಎಂದೂ, ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದು ಎಂದೂ, ಉಗುರಿನ ಸಂದು ಮರೆಯಬೇಡಿ ಎಂದೂ ಹೇಳಲು ಎರಡು ನಿಮಿಷ ಸಾಕು. ಕುದಿಸಿ ಆರಿಸಿದ ನೀರು ಕುಡಿಯುವ ನಮ್ಮ ಊರಿನ ರೂಢಿ ಒಳ್ಳೆಯದು, ಅದನ್ನು ಬಿಡಬೇಡಿ ಎನ್ನುತ್ತೇನೆ.

ಹುಡುಗಿ ಈಗ ಮೂರನೇ ತರಗತಿ. ದೀಪಾವಳಿಯ ಮೇಲೆ ಫಿಟ್ಸ್ ಬಂದಿಲ್ಲ. ಹೋದ ವಾರ ಬಂದಾಗ ಸೈಕಲ್ ಬಿಡಬಹುದಾ ಎಂದು ಕೇಳಿದಳು. ಗದ್ದೆಯ ಬದಿಯ ದಾರಿಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ದೊಡ್ಡವರು ಜೊತೆಗಿದ್ದರೆ ಬಿಡಬಹುದು ಎಂದೆ. ಕೆರೆಯಲ್ಲಿ ಈಜಲು ಇನ್ನೂ ಬೇಡ ಎಂದೆ. ಮುಂದಿನ ಭೇಟಿ ನಾಲ್ಕು ತಿಂಗಳ ಮೇಲೆ. ಹೊರಡುವಾಗ ಅವಳ ಎರಡೂ ಜಡೆಗಳನ್ನು ನೋಡಿದೆ. ಇವತ್ತು ಯಾರು ಹಾಕಿದ್ದು ಎಂದು ಕೇಳಿದೆ. ಅಜ್ಜಿಗೆ ಕೈ ನೋವಂತೆ, ಕೆಲಸದ ಅಕ್ಕ ಹಾಕಿಕೊಟ್ಟರಂತೆ.